ಕೊಳವೆಬಾವಿಯ ನೀರಿಗೆ ಆರ್‌ಒ: ಪರೀಕ್ಷೆ, ಆಯ್ಕೆ, ಜೋಡಣೆ ಮತ್ತು ಆರೈಕೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಕೊಳವೆಬಾವಿಯ ನೀರನ್ನೇ ನಂಬಿದ ಮನೆಗಳಿಗೆ ಗಡಸು ನೀರಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ತೊಗರಿಬೇಳೆ ಕರಗದಿರುವುದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದಂಥ ಬಿಳಿ ಪೊರೆ ಕಟ್ಟುವುದು, ಬಚ್ಚಲಿನ ನಲ್ಲಿಯ ಬಾಯಿ ವರ್ಷದೊಳಗೇ ಕಟ್ಟಿಕೊಳ್ಳುವುದು, ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಆದರೆ ಇದೇ ನೀರಿನಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಯಲ್ಲಿ ಗೊತ್ತಾಗದ ಫ್ಲೋರೈಡ್ ಮತ್ತು ನೈಟ್ರೇಟ್ ಇರಬಹುದು ಮತ್ತು ಆರೋಗ್ಯದ ದೃಷ್ಟಿಯಿಂದ ನಾವು ಹೆಚ್ಚು ಹೆದರಬೇಕಾದದ್ದು ಅವುಗಳಿಗೇ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯ ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಮೂಡಿದ ಮಕ್ಕಳನ್ನೂ, ಬೆನ್ನು ಮಂಡಿಗಳು ಬಿಗಿದುಕೊಂಡ ಹಿರಿಯರನ್ನೂ ಕಂಡವರಿಗೆ ಈ ಮಾತಿನ ತೂಕ ತಿಳಿದಿರುತ್ತದೆ. ಇಂಥ ನೀರಿಗೆ ಮನೆಯಲ್ಲಿ ಆರ್‌ಒ (ರಿವರ್ಸ್ ಆಸ್ಮಾಸಿಸ್) ಯಂತ್ರವನ್ನು ಇಡಬೇಕೆಂದಿರುವವರು ಯಾವ ಕ್ರಮದಲ್ಲಿ ಮುಂದುವರಿಯಬೇಕು, ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಈ ಲೇಖನದಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಅಂಗಡಿಗೆ ಹೋಗುವ ಮುನ್ನ ನೀರಿನ ಪರೀಕ್ಷೆ

ಯಂತ್ರ ಮಾರುವವರು ಮನೆಗೆ ಬಂದು, ಪೆನ್ನಿನಂಥ ಮೀಟರನ್ನು ಲೋಟದಲ್ಲಿ ಅದ್ದಿ, ಅದರಲ್ಲಿ ಕಂಡ ಅಂಕಿಯನ್ನು ತೋರಿಸಿ ನಿಮ್ಮ ನೀರು ಕೆಟ್ಟದ್ದೆಂದೋ ಒಳ್ಳೆಯದೆಂದೋ ತೀರ್ಪು ಕೊಡುವುದು ಸಾಮಾನ್ಯ. ಆ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಆ ಅಳತೆಯನ್ನು ಒಂದು ನಿಶ್ಚಿತ ಸಂಖ್ಯೆಯಿಂದ ಗುಣಿಸಿ, ಕರಗಿದ ಲವಣಗಳ ಒಟ್ಟು ಪ್ರಮಾಣವಾದ ಟಿಡಿಎಸ್ ಇಷ್ಟಿರಬಹುದು ಎಂಬ ಅಂದಾಜನ್ನು ಅದು ತೋರಿಸುತ್ತದೆ. ಆ ಲವಣಗಳಲ್ಲಿ ಸುಣ್ಣದ ಅಂಶವೆಷ್ಟು, ಫ್ಲೋರೈಡ್ ಎಷ್ಟು ಎಂಬುದನ್ನು ಅದು ಹೇಳಲಾರದು. ರೋಗಾಣುಗಳ ವಿಷಯವಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಟಿಡಿಎಸ್ 400 ಇರುವ, ಕುಡಿಯಲು ಹಿತವಾಗಿಯೇ ಇರುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಟಿಡಿಎಸ್ 900 ಇರುವ ಪಕ್ಕದ ಬಾವಿಯಲ್ಲಿ ಅರ್ಧ ಮಿಲಿಗ್ರಾಂ ಮಾತ್ರ ಇರಬಹುದು. ಹೀಗಾಗಿ ಮೀಟರನ್ನು ಕೊಳ್ಳಿ, ಅದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ನಿರ್ಧಾರವನ್ನು ಪ್ರಯೋಗಾಲಯದ ವರದಿಯ ಮೇಲೆ ಮಾಡಿ.

ಪ್ರತಿ ಜಿಲ್ಲೆಯಲ್ಲೂ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯವಿದ್ದು, ಸಾರ್ವಜನಿಕರು ಕೂಡ ಅಲ್ಲಿ ತಮ್ಮ ನೀರನ್ನು ಪರೀಕ್ಷೆಗೆ ಕೊಡಬಹುದು. ನಗರಗಳಲ್ಲಿ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳೂ ಇವೆ. ಟಿಡಿಎಸ್, ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕ್ಲೋರೈಡ್, ಕಬ್ಬಿಣ ಮತ್ತು ಇ. ಕೋಲಿ ಬ್ಯಾಕ್ಟೀರಿಯಾ, ಇಷ್ಟನ್ನಾದರೂ ಪರೀಕ್ಷಿಸಬೇಕೆಂದು ಸ್ಪಷ್ಟವಾಗಿ ಬರೆದುಕೊಡಿ. ರಾಯಚೂರು, ಯಾದಗಿರಿ ಭಾಗದವರು ಆರ್ಸೆನಿಕ್ ಪರೀಕ್ಷೆಯನ್ನೂ ಸೇರಿಸುವುದು ಒಳ್ಳೆಯದು. ಮೋಟಾರನ್ನು ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹೋದ ಮೇಲೆ, ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ಗಲಬರಿಸಿ ಬಾಯಿಯವರೆಗೆ ತುಂಬಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ನಿರ್ಜಂತುಕ ಬಾಟಲಿ ಬೇಕು. ಅದನ್ನು ಗಲಬರಿಸದೆ ತುಂಬಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಸಾಧ್ಯವಾದರೆ ಬೇಸಿಗೆಯ ಕೊನೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ, ಏಕೆಂದರೆ ಅಂತರ್ಜಲದ ಮಟ್ಟ ಏರಿಳಿದಂತೆ ಅದೇ ಬಾವಿಯ ನೀರಿನ ಗುಣವೂ ಬದಲಾಗುತ್ತದೆ.

ವರದಿ ಬಂದ ಮೇಲೆ ಅದನ್ನು ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಜೊತೆ ಹೋಲಿಸಿ ನೋಡಬೇಕು. 2012ರ ಈ ಮಾನಕದ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಾಗ 2000ದವರೆಗೆ ಒಪ್ಪಬಹುದು. ಗಡಸುತನಕ್ಕೆ ಈ ಎರಡು ಮಿತಿಗಳು 200 ಮತ್ತು 600, ಫ್ಲೋರೈಡಿಗೆ 1.0 ಮತ್ತು 1.5. ನೈಟ್ರೇಟ್ ಮಿತಿ 45 ಮಿಲಿಗ್ರಾಂ ಆಗಿದ್ದು ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಬಾಟಲಿ ಹಾಲಿನ ಪುಡಿಯನ್ನು ಕಲಸಿ ಕುಡಿಸುವ ಹಸುಗೂಸಿರುವ ಮನೆಯವರು ನೈಟ್ರೇಟ್ ಅಂಕಿಯನ್ನು ಎಲ್ಲಕ್ಕಿಂತ ಮೊದಲು ನೋಡಬೇಕು, ಏಕೆಂದರೆ ಅದು ಹೆಚ್ಚಾದರೆ ಕೂಸಿನ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್, ನೈಟ್ರೇಟುಗಳು ಆವಿಯ ಜೊತೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅವು ದಟ್ಟವಾಗುತ್ತವೆ. ಕುದಿಸಿ ಕುಡಿಯುತ್ತಿದ್ದೇವಲ್ಲ ಎಂಬ ನೆಮ್ಮದಿಯಲ್ಲಿರುವವರು ಇದನ್ನು ಗಮನಿಸಬೇಕು.

ಎರಡನೆಯ ಹಂತ: ಆರ್‌ಒ ನಿಮಗೆ ಬೇಕೇ ಎಂಬ ನಿರ್ಧಾರ

ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳಲ್ಲಿ ಯಾವುದಾದರೂ ಮಿತಿ ಮೀರಿದ್ದರೆ, ಇಲ್ಲವೇ ಟಿಡಿಎಸ್ 500ನ್ನು ಚೆನ್ನಾಗಿಯೇ ದಾಟಿ ನೀರು ಸವಳಾಗಿದ್ದರೆ, ಕುಡಿಯುವ ಮತ್ತು ಅಡುಗೆಯ ನೀರಿಗೆ ಆರ್‌ಒ ಸೂಕ್ತ. ಬ್ಯಾಕ್ಟೀರಿಯಾ ಮಾತ್ರ ಇದ್ದರೆ ಕುದಿಸುವುದು ಅಥವಾ ಯುವಿ (ನೇರಳಾತೀತ ಕಿರಣದ) ದೀಪದ ಸಾದಾ ಯಂತ್ರ ಸಾಕು. ಕಬ್ಬಿಣದ ಅಂಶ ಹೆಚ್ಚಿದ್ದು ನೀರು ನಿಂತರೆ ಕೆಂಪಾಗುತ್ತಿದ್ದರೆ, ಅದಕ್ಕೆ ಬೇರೆಯೇ ಫಿಲ್ಟರನ್ನು ಮೊದಲು ಹಾಕಿಸಬೇಕು, ಇಲ್ಲವಾದರೆ ಆರ್‌ಒ ಯಂತ್ರ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಗಡಸುತನ ತೊಂದರೆ ಕೊಡುತ್ತಿದ್ದರೆ ಅದಕ್ಕೆ ಸಾಫ್ಟನರ್ ಇದೆ, ಅಡುಗೆಮನೆಯ ಆರ್‌ಒ ಆ ಕೆಲಸಕ್ಕಲ್ಲ.

ಬೆಂಗಳೂರಿನಲ್ಲಿ ಕಾವೇರಿ ನೀರು ಮಾತ್ರ ಬರುವ ಮನೆಗಳಿಗೆ ಆರ್‌ಒ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಕ್ಲೋರಿನ್ ಬೆರೆಸಿ ಕಳಿಸುವ ಆ ನೀರಿನ ಟಿಡಿಎಸ್ ಮಿತಿಗಿಂತ ಸಾಕಷ್ಟು ಕೆಳಗಿರುತ್ತದೆ. ಅಂಥ ನೀರನ್ನು ಮತ್ತೆ ಆರ್‌ಒಗೆ ಹಾಕಿ, ಅಲ್ಪಸ್ವಲ್ಪ ಇರುವ ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನೂ ತೆಗೆದು, ನೂರಾರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ನೀರಿನ ಅರ್ಧಕ್ಕಿಂತ ಹೆಚ್ಚನ್ನು ಮೋರಿಗೆ ಬಿಡುವುದರಲ್ಲಿ ಅರ್ಥವಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದರ ಹಿಂದೆ ಇದ್ದದ್ದೂ ಇಂಥದೇ ಕಳವಳ. ಆದರೆ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಮೂರನ್ನೂ ಒಂದೇ ಸಂಪಿಗೆ ಬಿಡುವ ಅಪಾರ್ಟ್‌ಮೆಂಟುಗಳ ಮಾತು ಬೇರೆ. ಅಲ್ಲಿ ನೀರಿನ ಗುಣ ದಿನದಿನಕ್ಕೂ ಬದಲಾಗುತ್ತದೆಯಾದ್ದರಿಂದ, ಎರಡು ವಾರ ದಿನಕ್ಕೊಮ್ಮೆ ಟಿಡಿಎಸ್ ಬರೆದಿಟ್ಟು, ಅದು ಅತಿ ಹೆಚ್ಚಿದ್ದ ದಿನದ ನೀರನ್ನೇ ಪ್ರಯೋಗಾಲಯಕ್ಕೆ ಕೊಟ್ಟು ನಿರ್ಧರಿಸುವುದು ಸರಿಯಾದ ದಾರಿ.

ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಚೆನ್ನಾಗಿ ನಡೆಯುತ್ತಿದ್ದು, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುವುದು ನಿಮಗೆ ಕಷ್ಟವಲ್ಲವಾದರೆ, ಮನೆಯ ಯಂತ್ರದ ಖರ್ಚನ್ನು ಉಳಿಸಬಹುದು. ಅಂಥ ಘಟಕದಲ್ಲಿ ನಡೆಯುವುದೂ ಆರ್‌ಒ ಕ್ರಿಯೆಯೇ. ಅಲ್ಲಿಯ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಯಂತ್ರದೊಳಗೆ ನಡೆಯುವುದೇನು

ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಬೆಳಗಾಗುವುದರೊಳಗೆ ಹೋಳುಗಳು ನೀರು ಬಿಟ್ಟುಕೊಂಡು ಮುದುಡಿರುತ್ತವೆ. ಒಣದ್ರಾಕ್ಷಿಯನ್ನು ಸಪ್ಪೆ ನೀರಿನಲ್ಲಿ ನೆನೆಹಾಕಿದರೆ ಅದು ನೀರು ಕುಡಿದು ಉಬ್ಬುತ್ತದೆ. ಎರಡೂ ಕಡೆ ನೀರು ತೆಳುವಾದ ಪೊರೆಯನ್ನು ದಾಟಿ, ಉಪ್ಪು ಅಥವಾ ಸಕ್ಕರೆ ಹೆಚ್ಚಿರುವ ಕಡೆಗೆ ತಾನಾಗಿ ಹರಿಯಿತು. ಇದನ್ನು ಆಸ್ಮಾಸಿಸ್ ಎನ್ನುತ್ತಾರೆ. ಉಪ್ಪು ಹೆಚ್ಚಿರುವ ಕಡೆಯಿಂದ ಒತ್ತಡ ಹಾಕಿ, ಆ ಸಹಜ ಹರಿವನ್ನು ಹಿಂದಕ್ಕೆ ತಿರುಗಿಸಿ, ನೀರನ್ನು ಮಾತ್ರ ಪೊರೆಯ ಆಚೆಗೆ ದಾಟಿಸುವುದೇ ರಿವರ್ಸ್ ಆಸ್ಮಾಸಿಸ್. ಇದಕ್ಕೆ ಉಪಯೋಗವಾಗುವಂಥ ಮೊದಲ ಪೊರೆಯನ್ನು 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ರೂಪಿಸಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಇಂದಿನ ಮನೆಯ ಯಂತ್ರಗಳಲ್ಲಿರುವುದು ಪಾಲಿಅಮೈಡ್ ಎಂಬ ವಸ್ತುವಿನ ಅತಿ ತೆಳುವಾದ ಪದರ. ಅದನ್ನು ಹಾಳೆಯ ಮೇಲೆ ಲೇಪಿಸಿ ಚಾಪೆಯಂತೆ ಸುತ್ತಿ ಕೊಳವೆಯೊಳಗಿಟ್ಟಿರುತ್ತಾರೆ. ಇದೇ ಮೆಂಬ್ರೇನ್.

ಟಿಡಿಎಸ್ 1000 ಇರುವ ನೀರಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಆ ಸಹಜ ಹರಿವನ್ನು ತಡೆಯುವುದಕ್ಕೇ ಖರ್ಚಾಗುತ್ತದೆ. ಮೇಲಂತಸ್ತಿನ ಟ್ಯಾಂಕಿನಿಂದ ಅಡುಗೆಮನೆಗೆ ಇಳಿಯುವ ನೀರಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಏಕೆಂದರೆ 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 14 ಪಿಎಸ್‌ಐ ಮಾತ್ರ. ಅದಕ್ಕಾಗಿಯೇ ಯಂತ್ರದಲ್ಲಿ 24 ವೋಲ್ಟಿನ ಸಣ್ಣ ಬೂಸ್ಟರ್ ಪಂಪು ಇರುತ್ತದೆ. ನೀರು ಮೊದಲು ಹೊರಗಿನ ಬೌಲಿನಲ್ಲಿರುವ ಬಿಳಿ ಕ್ಯಾಂಡಲಿನಲ್ಲಿ ಮಣ್ಣು, ಕಸವನ್ನು ಬಿಟ್ಟು, ಒಳಗಿನ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರುಗಳನ್ನು ಹಾದು, ಪಂಪಿನ ಒತ್ತಡದೊಂದಿಗೆ ಮೆಂಬ್ರೇನಿಗೆ ಬರುತ್ತದೆ. ಅಲ್ಲಿ ಎರಡು ದಾರಿಯಾಗಿ, ಶುದ್ಧ ನೀರು ಯುವಿ ದೀಪ ಅಥವಾ ಯುಎಫ್ ಎಂಬ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಟ್ಯಾಂಕಿಗೂ, ಲವಣಗಳನ್ನು ಹೊತ್ತ ನೀರು ವೇಸ್ಟ್ ಪೈಪಿಗೂ ಹೋಗುತ್ತದೆ. ಕಾರ್ಬನ್ ಫಿಲ್ಟರು ವಾಸನೆ ತೆಗೆಯಲೆಂದು ಮಾತ್ರ ಇರುವುದಲ್ಲ. ಕ್ಲೋರಿನ್ ತಗುಲಿದರೆ ಪಾಲಿಅಮೈಡ್ ಪದರ ಹಾಳಾಗುತ್ತದೆ, ಅದನ್ನು ತಡೆಯುವ ಕಾವಲು ಈ ಕಾರ್ಬನ್. ಸಂಪಿಗೆ ಬ್ಲೀಚಿಂಗ್ ಪುಡಿ ಹಾಕುವ ರೂಢಿಯಿರುವ ಮನೆಗಳಲ್ಲಿ ಎರಡು ದಿನ ಯಂತ್ರವನ್ನು ನಿಲ್ಲಿಸಿ, ವಾಸನೆ ಹೋದ ಮೇಲೆ ಚಾಲೂ ಮಾಡುವುದು ಕ್ಷೇಮ.

ಮೂರನೆಯ ಹಂತ: ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

ತಾಮ್ರ, ಸತು, ಆಲ್ಕಲೈನ್ ಎಂದು ಹೆಸರಿಟ್ಟ ಹತ್ತು ಹಂತಗಳ ಪಟ್ಟಿಯನ್ನು ಬದಿಗಿಟ್ಟು, ಮೆಂಬ್ರೇನ್ ಯಾವ ತಯಾರಿಕೆಯದು, ಅದು ನಿಮ್ಮ ನೀರಿನ ಟಿಡಿಎಸ್ ಮಟ್ಟಕ್ಕೆ ಹೊಂದುತ್ತದೆಯೇ, ಲೀಟರು ಶುದ್ಧ ನೀರಿಗೆ ಎಷ್ಟು ನೀರು ವೇಸ್ಟ್ ಆಗುತ್ತದೆ, ಬಿಡಿಭಾಗಗಳು ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತವೆಯೇ ಎಂದು ಕೇಳಿ. ಆರ್‌ಒ ಯಂತ್ರಗಳಿಗೆಂದೇ ಐಎಸ್ 16240 ಎಂಬ ಭಾರತೀಯ ಮಾನಕವಿದೆ, ಅದರ ಗುರುತು ಇದೆಯೇ ನೋಡಿ. ಐದು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ಸೇರಿ ದಿನಕ್ಕೆ 25 ಲೀಟರ್ ಸಾಕಾಗುತ್ತದೆ. ಸಾಮಾನ್ಯವಾಗಿ ಸಿಗುವ 75 ಅಥವಾ 80 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಮೆಂಬ್ರೇನ್ ಗಂಟೆಗೆ ಸುಮಾರು 12 ಲೀಟರ್ ಕೊಡಬಲ್ಲದಾದ್ದರಿಂದ ಅದಕ್ಕಿಂತ ದೊಡ್ಡದನ್ನು ಕೊಳ್ಳುವ ಅಗತ್ಯವಿಲ್ಲ. ಪದೇಪದೇ ಕರೆಂಟು ಹೋಗುವ ಊರಿನವರು ಯಂತ್ರದ ಗಾತ್ರಕ್ಕಿಂತ ಟ್ಯಾಂಕಿನ ಗಾತ್ರದ ಕಡೆ ಗಮನ ಕೊಡಬೇಕು.

ನಾಲ್ಕನೆಯ ಹಂತ: ಜಾಗ ಮತ್ತು ಜೋಡಣೆ

ಯಂತ್ರವನ್ನು ಬಿಸಿಲು ಬೀಳದ, ಒಲೆಯ ಝಳ ತಾಗದ ಗೋಡೆಗೆ, ಸಿಂಕಿಗಿಂತ ಸ್ವಲ್ಪ ಮೇಲಕ್ಕೆ ಹಾಕಿಸಿ. ಸೋಲಾರ್ ಅಥವಾ ಗೀಸರಿನ ಬಿಸಿನೀರಿನ ಪೈಪಿಗೆ ಅದನ್ನು ತಪ್ಪಿಯೂ ಜೋಡಿಸಬಾರದು, ಬಿಸಿನೀರು ಮೆಂಬ್ರೇನನ್ನು ಹಾಳುಮಾಡುತ್ತದೆ. ಅಡಾಪ್ಟರು ಮತ್ತು ಪ್ಲಗ್ ಪಾಯಿಂಟ್ ನೀರು ಸಿಡಿಯದ ಎತ್ತರದಲ್ಲಿರಲಿ ಮತ್ತು ಆ ಪಾಯಿಂಟಿಗೆ ಅರ್ಥಿಂಗ್ ಇರಲಿ. ಜೋಡಿಸುವ ಕೆಲಸವನ್ನು ತರಬೇತಿ ಪಡೆದವರೇ ಮಾಡಲಿ. ಆದರೆ ನೀವು ಪಕ್ಕದಲ್ಲಿ ನಿಂತು ಕೆಲವನ್ನು ಕೇಳಿ ಮಾಡಿಸಬೇಕು. ಹೊರಗಿನ ಪ್ರೀಫಿಲ್ಟರ್ ಬೌಲಿಗೆ ಮುಂಚೆ ಬೇರೆ ವಾಲ್ವ್ ಇರಬೇಕು, ಆಗ ಮುಂದೆ ಕ್ಯಾಂಡಲನ್ನು ನೀವೇ ಬದಲಾಯಿಸಬಹುದು. ತಿರುಪಿನ ಜೋಡಣೆಗಳಿಗೆಲ್ಲ ಟೆಫ್ಲಾನ್ ಟೇಪು ಸುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಕಾರ್ಬನ್ ಫಿಲ್ಟರಿನಿಂದ ಮೊದಲಿಗೆ ಕಪ್ಪು ಪುಡಿ ಬರುತ್ತದೆ. ಮೆಂಬ್ರೇನಿಗೆ ಹೋಗುವ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಬಿಟ್ಟು, ನೀರು ತಿಳಿಯಾಗುವವರೆಗೆ ಹರಿಸಿ, ಆಮೇಲೆ ಜೋಡಿಸಬೇಕು. ಅವಸರದಲ್ಲಿರುವ ಕೆಲಸಗಾರರು ಇದನ್ನು ಬಿಟ್ಟುಬಿಡುತ್ತಾರೆ, ಆ ಪುಡಿಯೆಲ್ಲ ಹೊಸ ಮೆಂಬ್ರೇನಿನ ಮೇಲೆ ಕೂರುತ್ತದೆ. ಜೋಡಣೆಯಾದ ಮೇಲೆ ಮೊದಲ ಎರಡು ಟ್ಯಾಂಕ್ ನೀರನ್ನು ಕುಡಿಯಬಾರದು, ಏಕೆಂದರೆ ಮೆಂಬ್ರೇನ್ ಕೆಡದಿರಲೆಂದು ಕಾರ್ಖಾನೆಯಲ್ಲಿ ಬಳಸಿದ ರಾಸಾಯನಿಕದ ಅಂಶ ಅದರಲ್ಲಿರಬಹುದು. ಅದನ್ನು ನೆಲ ಒರೆಸುವುದಕ್ಕೆ ಬಳಸಿ. ಮರುದಿನ ಬೆಳಿಗ್ಗೆ ಪ್ರತಿಯೊಂದು ಜೋಡಣೆಯ ಕೆಳಗೂ ಒಣ ಕಾಗದವನ್ನು ಒತ್ತಿ ನೋಡಿದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ.

ಐದನೆಯ ಹಂತ: ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು

ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರೇಪಿಸಿದ್ದೇ ಈ ತಿರುಪು. ಹೆಚ್ಚಿನ ಯಂತ್ರಗಳಲ್ಲಿ ಮೆಂಬ್ರೇನಿನ ಪಕ್ಕದಲ್ಲಿ ಟಿಡಿಎಸ್ ಕಂಟ್ರೋಲರ್ ಅಥವಾ ಅಡ್ಜಸ್ಟರ್ ಎಂಬ ಪುಟ್ಟ ವಾಲ್ವ್ ಇರುತ್ತದೆ. ಖನಿಜಗಳನ್ನು ಉಳಿಸಿಕೊಡುತ್ತದೆ, ರುಚಿ ಕೊಡುತ್ತದೆ ಎಂದು ಇದನ್ನು ಹೊಗಳಿ ಮಾರುತ್ತಾರೆ. ಆದರೆ ಅದು ಮಾಡುವ ಕೆಲಸ ಒಂದೇ: ಮೆಂಬ್ರೇನನ್ನು ದಾಟದ ಕಚ್ಚಾ ನೀರನ್ನು ಸ್ವಲ್ಪ ಸ್ವಲ್ಪವಾಗಿ ಶುದ್ಧ ನೀರಿಗೆ ಬೆರೆಸುವುದು. ಕಚ್ಚಾ ನೀರಿನಲ್ಲಿ ಸುಣ್ಣದ ಅಂಶ ಮಾತ್ರ ಹೆಚ್ಚಿದ್ದರೆ ಇದರಿಂದ ತೊಂದರೆಯಿಲ್ಲ, ನೀರು ತೀರ ಸಪ್ಪೆಯಾಗುವುದೂ ತಪ್ಪುತ್ತದೆ. ಫ್ಲೋರೈಡ್ ಅಥವಾ ನೈಟ್ರೇಟ್ ಇರುವ ನೀರಿನಲ್ಲಿ ಮಾತ್ರ, ಯಾವುದನ್ನು ತೆಗೆಯಲೆಂದು ಯಂತ್ರವನ್ನು ತಂದೆವೋ ಅದನ್ನೇ ಈ ತಿರುಪು ಲೋಟಕ್ಕೆ ವಾಪಸು ತರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಬಾವಿಯ ನೀರಿನಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಇದೆ, ಮೆಂಬ್ರೇನ್ ಅದರಲ್ಲಿ ಶೇ. 90ರಷ್ಟನ್ನು ತಡೆಯುತ್ತದೆ ಎಂದಿಟ್ಟುಕೊಳ್ಳಿ. ಆಗ ಶುದ್ಧ ನೀರಿನಲ್ಲಿ 0.3 ಉಳಿಯುತ್ತದೆ, ಅದು ಒಳ್ಳೆಯ ಫಲಿತಾಂಶ. ತಿರುಪನ್ನು ತೆರೆದು ನಾಲ್ಕರಲ್ಲಿ ಒಂದು ಪಾಲು ಕಚ್ಚಾ ನೀರು ಬೆರೆಯುವಂತೆ ಮಾಡಿದರೆ ಅದು 0.98ಕ್ಕೆ ಏರಿ ಮಿತಿಯ ಅಂಚಿಗೆ ಬರುತ್ತದೆ. ಐದರಲ್ಲಿ ಎರಡು ಪಾಲು ಬೆರೆತರೆ 1.38 ಆಗುತ್ತದೆ. ನೈಟ್ರೇಟ್ ವಿಷಯದಲ್ಲಿ ಮೆಂಬ್ರೇನಿನ ತಡೆಯುವ ಶಕ್ತಿ ಇನ್ನಷ್ಟು ಕಡಿಮೆ. 120 ಮಿಲಿಗ್ರಾಂ ಇರುವ ನೀರಿನಲ್ಲಿ ಶೇ. 85ರಷ್ಟು ಹೋದರೆ 18 ಉಳಿಯುತ್ತದೆ. ಆದರೆ ಮೂರರಲ್ಲಿ ಒಂದು ಪಾಲು ಕಚ್ಚಾ ನೀರು ಬೆರೆತ ಕೂಡಲೇ ಅದು 52ಕ್ಕೆ ಏರಿ 45ರ ಮಿತಿಯನ್ನು ದಾಟುತ್ತದೆ. ಅಷ್ಟರಲ್ಲೂ ಮೀಟರಿನಲ್ಲಿ ಟಿಡಿಎಸ್ 200, 300 ಎಂದು ಚೆಂದದ ಅಂಕಿಯೇ ಕಾಣುತ್ತಿರುತ್ತದೆ, ಕುಡಿದವರು ರುಚಿಯಾಗಿದೆ ಎಂದೂ ಹೇಳುತ್ತಾರೆ.

ಆದ್ದರಿಂದ ನಿಮ್ಮ ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಯಾವುದೇ ಮಿತಿ ಮೀರಿದ್ದರೂ ಆ ತಿರುಪನ್ನು ಪೂರ್ತಿ ಮುಚ್ಚಿಸಿ, ಮುಚ್ಚಿದ್ದನ್ನು ಕಣ್ಣಾರೆ ನೋಡಿ. ಸರ್ವಿಸಿಗೆ ಬಂದವರು ಪ್ರತಿ ಸಲವೂ ಅದನ್ನು ಮತ್ತೆ ತೆರೆಯುವ ಸಾಧ್ಯತೆ ಇರುವುದರಿಂದ, ‘ತೆರೆಯಬಾರದು’ ಎಂದು ಬರೆದ ಚೀಟಿಯನ್ನು ಯಂತ್ರದೊಳಗೇ ಅಂಟಿಸಿ. ನೀರಿನಲ್ಲಿ ಖನಿಜ ಕಡಿಮೆಯಾಯಿತಲ್ಲ ಎಂಬ ಅಳುಕು ಸಹಜವೇ. ನಮ್ಮ ದೇಹಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಹೆಚ್ಚಿನ ಪಾಲು ಬರುವುದು ಆಹಾರದಿಂದ. ರಾಗಿ, ಮಜ್ಜಿಗೆ, ಸೊಪ್ಪು, ಎಳ್ಳು ಊಟದಲ್ಲಿರುವ ಮನೆಯವರು ಫ್ಲೋರೈಡ್ ನೀರನ್ನು ಬೆರೆಸಿ ಖನಿಜ ಪಡೆಯಬೇಕಾಗಿಲ್ಲ. ರುಚಿ ಬೇಕೆಂದರೆ ಕಚ್ಚಾ ನೀರನ್ನು ಬೆರೆಸದೆ, ಶುದ್ಧ ನೀರಿಗೇ ಖನಿಜ ಸೇರಿಸುವ ಕಾರ್ಟ್ರಿಜ್ ಇರುವ ಯಂತ್ರವನ್ನು ಆರಿಸಬಹುದು. ಕೊನೆಗೆ, ಯಂತ್ರ ಹಾಕಿಸಿದ ಎರಡು ವಾರಕ್ಕೆ ಅದರ ನಲ್ಲಿಯ ನೀರನ್ನೇ ಒಂದು ಬಾಟಲಿ ತುಂಬಿಸಿ ಅದೇ ಪ್ರಯೋಗಾಲಯಕ್ಕೆ ಕೊಡಿ. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟವರು ಈ ಎರಡನೆಯ ಪರೀಕ್ಷೆಯ ಸಣ್ಣ ಖರ್ಚಿಗೆ ಹಿಂಜರಿಯುವುದನ್ನು ಕಂಡು ನನಗೆ ಬಹಳ ಬೇಸರವಾಗಿದೆ.

ಆರನೆಯ ಹಂತ: ತಿಂಗಳಿಗೊಮ್ಮೆ ಹತ್ತು ನಿಮಿಷದ ಅಳತೆ

ಒಂದು ನೋಟ್‌ಬುಕ್, ಒಂದು ಟಿಡಿಎಸ್ ಮೀಟರ್, ಅಳತೆಯ ಗೆರೆಗಳಿರುವ ಎರಡು ಜಗ್ಗು, ಇಷ್ಟಿದ್ದರೆ ಯಂತ್ರದ ಆರೋಗ್ಯವನ್ನು ನೀವೇ ನೋಡಿಕೊಳ್ಳಬಹುದು. ಯಂತ್ರ ಚಾಲೂ ಆಗಿ ಹದಿನೈದು ನಿಮಿಷವಾದ ಮೇಲೆ ಅಳೆಯಿರಿ, ಏಕೆಂದರೆ ರಾತ್ರಿಯೆಲ್ಲ ನಿಂತ ಮೆಂಬ್ರೇನಿನಿಂದ ಮೊದಲು ಬರುವ ನೀರಿನ ಟಿಡಿಎಸ್ ಹೆಚ್ಚಿರುತ್ತದೆ. ಒಳಬರುವ ನೀರು 900, ಶುದ್ಧ ನೀರು 72 ಇದ್ದರೆ, ತಡೆದದ್ದು 828. ಅಂದರೆ ಶೇ. 92. ಹೊಸ ಮೆಂಬ್ರೇನಿನಲ್ಲಿ ಇದು ಶೇ. 90ರ ಮೇಲೆಯೇ ಇರಬೇಕು. ಮೊದಲ ದಿನವೇ ಇದಕ್ಕಿಂತ ಬಹಳ ಕಡಿಮೆ ಬಂದರೆ ಮೆಂಬ್ರೇನ್ ನಕಲಿಯಾಗಿರಬಹುದು ಅಥವಾ ಸರಿಯಾಗಿ ಕೂತಿಲ್ಲದಿರಬಹುದು. ಟಿಡಿಎಸ್ ಕಂಟ್ರೋಲರ್ ತೆರೆದಿರುವ ಯಂತ್ರದಲ್ಲಿ ಈ ಲೆಕ್ಕ ಸುಳ್ಳಾಗುತ್ತದೆ, ಹಾಗಾಗಿ ಅಳೆಯುವಾಗ ಅದನ್ನು ಮುಚ್ಚಿರಬೇಕು.

ಇನ್ನು ಹರಿವಿನ ಅಳತೆ. ಒಂದು ನಿಮಿಷದಲ್ಲಿ ಶುದ್ಧ ನೀರಿನ ಪೈಪಿನಿಂದ 180 ಮಿಲಿಲೀಟರ್, ವೇಸ್ಟ್ ಪೈಪಿನಿಂದ 420 ಮಿಲಿಲೀಟರ್ ಬಂದರೆ, ಒಟ್ಟು 600ರಲ್ಲಿ ನಿಮಗೆ ದಕ್ಕಿದ್ದು ಶೇ. 30. ಈ ಎರಡು ಲೆಕ್ಕಗಳು ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತವೆ ಎಂಬುದರಿಂದ ರೋಗ ಗೊತ್ತಾಗುತ್ತದೆ. ಟಿಡಿಎಸ್ ಸರಿಯಿದ್ದು ಶುದ್ಧ ನೀರಿನ ಹರಿವು ಮಾತ್ರ ಇಳಿದಿದ್ದರೆ ಕ್ಯಾಂಡಲ್ ಕಟ್ಟಿರಬಹುದು, ಪಂಪು ಸೋತಿರಬಹುದು ಅಥವಾ ಮೆಂಬ್ರೇನಿನ ಮೇಲೆ ಸುಣ್ಣ ಕೂತಿರಬಹುದು. ಚಳಿಗಾಲದ ಬೆಳಿಗ್ಗೆ ಹರಿವು ಸ್ವಲ್ಪ ಕುಗ್ಗುವುದು ರೋಗವಲ್ಲ, ನೀರು ತಣ್ಣಗಾದಂತೆ ಪ್ರತಿ ಡಿಗ್ರಿಗೂ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಹರಿವು ಚೆನ್ನಾಗಿಯೇ ಇದ್ದು ಟಿಡಿಎಸ್ ಏರುತ್ತಾ ಹೋದರೆ ಪೊರೆ ಹಾಳಾಗಿದೆ ಎಂದರ್ಥ. ತಡೆಯುವ ಪ್ರಮಾಣ ಶೇ. 80ರ ಹತ್ತಿರ ಬಂದಾಗ, ಫ್ಲೋರೈಡ್ ಇರುವ ಊರಿನಲ್ಲಾದರೆ ಅದಕ್ಕೂ ಮುಂಚೆಯೇ, ಮೆಂಬ್ರೇನ್ ಬದಲಾಯಿಸಬೇಕು. ಟ್ಯಾಂಕು ತುಂಬಿ ಪಂಪು ನಿಂತ ಮೇಲೂ ವೇಸ್ಟ್ ಪೈಪಿನಿಂದ ನೀರು ಸಣ್ಣಗೆ ಹರಿಯುತ್ತಿದ್ದರೆ ಯಂತ್ರ ನಿಂತಾಗ ನೀರನ್ನು ತಡೆಯುವ ವಿದ್ಯುತ್ ವಾಲ್ವ್ (ಸೊಲೆನಾಯ್ಡ್ ವಾಲ್ವ್) ಸರಿಯಾಗಿ ಮುಚ್ಚುತ್ತಿಲ್ಲ. ರಾತ್ರಿ ಮಲಗುವ ಮುನ್ನ ಆ ಪೈಪಿನ ಕೆಳಗೆ ಬಟ್ಟಲೊಂದನ್ನು ಇಟ್ಟರೆ ಇದು ಗೊತ್ತಾಗುತ್ತದೆ.

ಹೊರಗಿನ ಕ್ಯಾಂಡಲನ್ನು ಮೂರು ತಿಂಗಳಿಗೊಮ್ಮೆ, ಕೆಸರು ನೀರು ಬರುವ ಕಡೆ ಅದಕ್ಕಿಂತ ಬೇಗ ಬದಲಾಯಿಸಿ. ಉಜ್ಜಿ ತೊಳೆದು ಮತ್ತೆ ಹಾಕಬೇಡಿ, ಉಜ್ಜಿದಾಗ ಅದರ ಎಳೆಗಳು ಸಡಿಲವಾಗಿ ಮಣ್ಣು ಒಳಗೆ ಹೋಗುತ್ತದೆ. ಕಾರ್ಬನ್ ಮತ್ತು ಸೆಡಿಮೆಂಟ್ ಫಿಲ್ಟರುಗಳಿಗೆ ಆರು ತಿಂಗಳಿಂದ ವರ್ಷ, ಯುವಿ ದೀಪಕ್ಕೆ ವರ್ಷ ಎಂದು ಲೆಕ್ಕವಿಡಿ. ನೀಲಿ ಬೆಳಕು ಕಾಣುತ್ತಿದ್ದರೂ ರೋಗಾಣು ಕೊಲ್ಲುವ ಕಿರಣದ ಶಕ್ತಿ ಅಷ್ಟು ಹೊತ್ತಿಗೆ ಕುಂದಿರುತ್ತದೆ. ಆ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಮೆಂಬ್ರೇನ್ ಎರಡು ಮೂರು ವರ್ಷ ಬಾಳುತ್ತದೆಯಾದರೂ ಅದರ ಕಾಲವನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸದೆ ನಿಮ್ಮ ನೋಟ್‌ಬುಕ್ ನೋಡಿ ತೀರ್ಮಾನಿಸಿ. ಅಂಕಿಗಳು ನಿಮ್ಮ ಕೈಯಲ್ಲಿದ್ದರೆ, ಚೆನ್ನಾಗಿರುವ ಮೆಂಬ್ರೇನನ್ನು ಬದಲಾಯಿಸಲೇಬೇಕು ಎಂಬ ಒತ್ತಾಯಕ್ಕೆ ಮಣಿಯಬೇಕಾಗಿಲ್ಲ.

ಕ್ಲೋರಿನ್ ಇಲ್ಲದ ಶುದ್ಧ ನೀರು ಟ್ಯಾಂಕಿನಲ್ಲಿ ನಿಂತರೆ ಗೋಡೆಗೆ ಲೋಳೆ ಕಟ್ಟುತ್ತದೆ. ಮೂರು ತಿಂಗಳಿಗೊಮ್ಮೆ ಕರೆಂಟು ಮತ್ತು ನೀರು ನಿಲ್ಲಿಸಿ, ಟ್ಯಾಂಕನ್ನು ಖಾಲಿ ಮಾಡಿ, ಕೈಯನ್ನು ಸೋಪಿನಿಂದ ತೊಳೆದುಕೊಂಡು ಸ್ವಚ್ಛ ಬಟ್ಟೆಯಿಂದ ಒಳಗೋಡೆಯನ್ನು ಒರೆಸಿ, ಯಂತ್ರದಿಂದಲೇ ಬಂದ ನೀರಿನಲ್ಲಿ ಎರಡು ಬಾರಿ ಗಲಬರಿಸಿ ನಲ್ಲಿಯ ಮೂಲಕ ಬಿಡಿ. ವಾರಕ್ಕಿಂತ ಹೆಚ್ಚು ಕಾಲ ಊರಿಗೆ ಹೋಗಿ ಬಂದಾಗ ಟ್ಯಾಂಕಿನ ಹಳೆಯ ನೀರನ್ನೂ, ಹೊಸದಾಗಿ ತುಂಬಿದ ಮೊದಲ ಟ್ಯಾಂಕನ್ನೂ ಕುಡಿಯಲು ಬಳಸಬೇಡಿ.

ಕೊನೆಯ ಹಂತ: ವೇಸ್ಟ್ ನೀರನ್ನು ಹಿಡಿದಿಡುವುದು

ದಿನಕ್ಕೆ 25 ಲೀಟರ್ ಶುದ್ಧ ನೀರು ಬಳಸುವ ಮನೆಯಲ್ಲಿ, ಲೀಟರಿಗೆ 3 ಲೀಟರ್ ವೇಸ್ಟ್ ಆಗುವ ಯಂತ್ರವಿದ್ದರೆ, ವರ್ಷಕ್ಕೆ 27,000 ಲೀಟರಿಗೂ ಹೆಚ್ಚು ನೀರು ಆ ಸಣ್ಣ ಪೈಪಿನಿಂದ ಹೊರಹೋಗುತ್ತದೆ. 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಇದು ನಾಲ್ಕೂವರೆ ಟ್ಯಾಂಕರ್. ನೀರಿಗಾಗಿ ಸಾವಿರ ಅಡಿ ಕೊರೆಯುವ ನಾಡಿನಲ್ಲಿ ಇದನ್ನು ಸಿಂಕಿಗೆ ಬಿಡುವುದು ತಪ್ಪು. ಹಾಗೆಂದು ವೇಸ್ಟ್ ಪೈಪನ್ನು ಬಿಗಿದು ನೀರು ಉಳಿಸಲು ಹೋಗಬೇಡಿ. ಆ ಹರಿವೇ ಲವಣಗಳನ್ನು ತೊಳೆದು ಒಯ್ಯುವುದು, ಅದು ಕಡಿಮೆಯಾದರೆ ಗಡಸು ನೀರಿನ ಸುಣ್ಣವೆಲ್ಲ ಮೆಂಬ್ರೇನಿನ ಮೇಲೆಯೇ ಕೂತು ಅದು ತಿಂಗಳುಗಳಲ್ಲಿ ಮುಗಿದುಹೋಗುತ್ತದೆ.

ವೇಸ್ಟ್ ಪೈಪನ್ನು ಉದ್ದ ಮಾಡಿ ಮುಚ್ಚಳವಿರುವ ಡ್ರಮ್ಮಿಗೆ ಬಿಡಿಸಿ, ಸಾಧ್ಯವಾದರೆ ಅದನ್ನು ಕಕ್ಕಸಿನ ಫ್ಲಶ್ ಟ್ಯಾಂಕಿಗೆ ಸೇರಿಸಿ. ನೆಲ ಒರೆಸುವುದು, ಅಂಗಳ ತೊಳೆಯುವುದು, ಮುಸುರೆ ಪಾತ್ರೆಯ ಮೊದಲ ಸುತ್ತು, ಕಾಲೊರಸು ಒಗೆಯುವುದು, ಇವಕ್ಕೆಲ್ಲ ಅದು ಸಾಲುತ್ತದೆ. ಒಳಬರುವ ನೀರು 900 ಟಿಡಿಎಸ್ ಇದ್ದು ಮೂರರಲ್ಲಿ ಒಂದು ಪಾಲು ಶುದ್ಧವಾದರೆ ವೇಸ್ಟ್ ನೀರಿನ ಟಿಡಿಎಸ್ ಸುಮಾರು 1300 ಆಗಿರುತ್ತದೆ. ತೆಂಗಿನಂಥ ಉಪ್ಪು ತಡೆಯುವ ಮರಗಳಿಗೆ ಮಳೆಗಾಲದಲ್ಲಿ ಮಣ್ಣು ತೊಳೆದುಹೋಗುವಷ್ಟು ಮಳೆ ಬೀಳುವ ಕಡೆ ಇದನ್ನು ಆಗಾಗ ಹಾಕಬಹುದು, ಆದರೆ ಕುಂಡದ ಗಿಡಗಳಿಗೆ, ಕೈತೋಟದ ಸೊಪ್ಪಿಗೆ ಹಾಕಬೇಡಿ, ಲವಣ ಅಲ್ಲೇ ಶೇಖರವಾಗುತ್ತದೆ. ಫ್ಲೋರೈಡ್ ಇರುವ ಊರಿನಲ್ಲಿ ಈ ನೀರನ್ನು ದನಕರುಗಳ ತೊಟ್ಟಿಗೆ ಬಿಡಬಾರದು, ಅವುಗಳ ಹಲ್ಲು ಮೂಳೆಗಳಿಗೂ ಅದೇ ಕೇಡು. ಸಂಪಿಗೆ ವಾಪಸು ಬಿಡುವುದಂತೂ ಸಲ್ಲದು. ಹಾಗೆ ಮಾಡಿದರೆ ಪ್ರತಿ ಸುತ್ತಿಗೂ ಸಂಪಿನ ನೀರು ಇನ್ನಷ್ಟು ಗಡಸಾಗಿ, ಅದೇ ನೀರು ಮತ್ತೆ ನಿಮ್ಮ ಯಂತ್ರಕ್ಕೆ ಬರುತ್ತದೆ.